ಜೂನ್ ತಿಂಗಳ ಮಂಜುಗಡ್ಡೆ

ಪರೀಕ್ಷಾ ಕೇಂದ್ರದ ಗೇಟು ಎಂಟು ಗಂಟೆಗೆ ಮುಚ್ಚುತ್ತದೆ ಎಂದು ಪ್ರವೇಶಪತ್ರದಲ್ಲಿ ಎರಡು ಕಡೆ ಅಚ್ಚಾಗಿತ್ತು. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಒಂದು ಪತ್ರಿಕೆ ತಪ್ಪಿದರೆ ಉಳಿದವನ್ನೂ ಬರೆಯುವಂತಿಲ್ಲ. ಮುಂದಿನ ಅವಕಾಶ ಮುಂದಿನ ಜೂನ್.

ಉನೀಸಾಗೆ ಮುಂದಿನ ಜೂನ್ ಉಪಯೋಗಕ್ಕೆ ಬರುವುದಿರಲಿಲ್ಲ. ಬೀರ್ ತೂಯಿಲಾದ ಆರೋಗ್ಯ ಕೇಂದ್ರದಲ್ಲಿ ಅವಳು ಹದಿನಾಲ್ಕು ವರ್ಷದಿಂದ ತಾತ್ಕಾಲಿಕ ಸಹಾಯಕಿ. ಸೆಪ್ಟೆಂಬರಿನಲ್ಲಿ ಆ ಹುದ್ದೆ ಕಾಯಂ ಆಗಲಿತ್ತು, ಮತ್ತು ಅದಕ್ಕೆ ಶಾಲೆಯ ಕೊನೆಯ ವರ್ಷದ ಬಾಕ್ ಪರೀಕ್ಷೆ ಪಾಸಾಗಿರಬೇಕಿತ್ತು. ಪಾಸಾಗದಿದ್ದರೆ ದೊಡ್ಡ ಪಟ್ಟಣ ತೆಬೆಸ್ಸಾದಿಂದ ಯಾರಾದರೂ ಬರುತ್ತಾರೆ, ಇವಳು ಮನೆಗೆ ಹೋಗುತ್ತಾಳೆ. ಹೋದ ವರ್ಷ ಇಪ್ಪತ್ತಕ್ಕೆ ಒಂಬತ್ತು ಮುಕ್ಕಾಲು ಸರಾಸರಿ ಬಂದಿತ್ತು. ಹತ್ತು ಬೇಕಿತ್ತು. ಈಗ ಅವಳಿಗೆ ಮೂವತ್ತೊಂಬತ್ತು. ಅವಳ ಹಿರಿಯ ಮಗಳೂ ಅದೇ ಬೆಳಿಗ್ಗೆ ಅದೇ ಪರೀಕ್ಷೆ ಬರೆಯುತ್ತಿದ್ದಳು, ಹತ್ತಿರದ ಶಾಲೆಯಲ್ಲಿ. ಖಾಸಗಿಯಾಗಿ ಕಟ್ಟುವವರಿಗೆ ಮಾತ್ರ ಕೇಂದ್ರ ತೆಬೆಸ್ಸಾ.

ಊರಿನಿಂದ ಅಲ್ಲಿಗೆ ಅರವತ್ತೆಂಟು ಕಿಲೋಮೀಟರ್. ಮೊದಲ ಮೂವತ್ತಾರು ಬೋಳು ಬಯಲಿನ ಮೇಲಿನ ಏರಿಳಿತದ ಸಣ್ಣ ರಸ್ತೆ, ಆಮೇಲೆ ಹೆದ್ದಾರಿ. ಅವಳು ಚಿಕ್ಕಪ್ಪ ಎಂದೇ ಕರೆಯುವ ಊರಿನ ದರ್ರಾಜಿಯ ಟ್ಯಾಕ್ಸಿಗೆ ಅದು ಒಂದು ಗಂಟೆ ಹತ್ತು ನಿಮಿಷದ ದಾರಿ. ಆರು ಗಂಟೆ ಐದು ನಿಮಿಷಕ್ಕೆ ಹೊರಟರು.

"ಐದಕ್ಕೇ ಹೊರಡೋಣ ಅಂದಿದ್ದೆ ಚಿಕ್ಕಪ್ಪ," ಎಂದಳು ಉನೀಸಾ ಮುಂದಿನ ಸೀಟಿನಿಂದ.

"ಏಳೂಕಾಲಿಗೆ ಗೇಟಿನ ಮುಂದೆ ಇಳಿಸ್ತೀನಿ ಮಗಳೇ. ಅಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಓದಿದ್ದೆಲ್ಲ ಮರೀಬೇಡ ಅಷ್ಟೇ."

"ಅವಳು ಮರೆಯೋಲ್ಲ," ಎಂದಳು ಹಿಂದಿನ ಸೀಟಿನಿಂದ ಅತ್ತೆ ಗಮ್ರಾ. "ರಾತ್ರಿಯೆಲ್ಲ ಓದಿದ್ದೇ ಓದಿದ್ದು. ನನಗೇ ಅರ್ಧ ಬಾಯಿಗೆ ಬಂದಿದೆ. ಬೇಕಾದ್ರೆ ನಾನೇ ಹೋಗಿ ಬರೀತೀನಿ."

ಗಮ್ರಾಗೆ ಎಪ್ಪತ್ತನಾಲ್ಕು. ಸೊಸೆ ಒಬ್ಬಳೇ ಗಂಡಸಿನ ಗಾಡಿಯಲ್ಲಿ ಹೋಗಬಾರದು ಎಂಬುದು ಅವಳು ಬಂದಿದ್ದಕ್ಕೆ ಹೇಳಿದ ಕಾರಣ. ಮನೆಯಲ್ಲಿ ಕೂತು ಕಾಯಲು ಆಗುವುದಿಲ್ಲ ಎಂಬುದು ನಿಜವಾದ ಕಾರಣ. ಮಡಿಲಲ್ಲಿ ಬೇಯಿಸಿದ ಮೊಟ್ಟೆ, ರೊಟ್ಟಿ, ಒಂದು ಫ್ಲಾಸ್ಕ್ ಕಾಫಿ.

ದರ್ರಾಜಿಯ ಗಾಡಿ ಇಪ್ಪತ್ತೆರಡು ವರ್ಷ ಹಳೆಯದು. ಪೆಟ್ರೋಲ್ ಗಾಡಿಯಾಗಿ ಹುಟ್ಟಿದ್ದು, ಹನ್ನೊಂದು ವರ್ಷದಿಂದ ಗ್ಯಾಸಿನಲ್ಲಿ ಓಡುತ್ತಿತ್ತು. ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ಚು: ಒತ್ತಿದರೆ ಗ್ಯಾಸ್, ಮತ್ತೆ ಒತ್ತಿದರೆ ಪೆಟ್ರೋಲ್. ಆ ಸ್ವಿಚ್ಚನ್ನು ಅವನು ಮುಟ್ಟಿ ತಿಂಗಳುಗಳಾಗಿದ್ದವು. ಗ್ಯಾಸಿಗೆ ಪೆಟ್ರೋಲಿನ ಐದನೇ ಒಂದು ಭಾಗ ಬೆಲೆ ಎಂಬುದು ಒಂದು ಕಾರಣ. ಇನ್ನೊಂದು ಆ ಸೀಮೆಯವರಿಗೆ ಮಾತ್ರ ಇರುವ ಕಾರಣ. ಟುನೀಶಿಯಾದ ಗಡಿ ಹತ್ತಿರದಲ್ಲೇ ಇದೆ, ಆ ಕಡೆ ಇಂಧನದ ಬೆಲೆ ಹಲವು ಪಟ್ಟು. ಹಾಗಾಗಿ ಪಂಪಿಗೆ ಬಂದ ಪೆಟ್ರೋಲು, ಡೀಸೆಲು ಅರ್ಧ ದಿನದಲ್ಲಿ ಕ್ಯಾನ್‌ಗಳಿಗೆ ಸೇರಿ ಗಡಿ ದಾಟುತ್ತವೆ. ಅದನ್ನು ಸಾಗಿಸುವವರನ್ನು ಹಲ್ಲಾಬ ಎನ್ನುತ್ತಾರೆ, ಹಾಲು ಕರೆಯುವವರು ಎಂದು. ಬೀದಿಯಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಬೆಳಗಾಗುವುದರೊಳಗೆ ಅದನ್ನೂ ಕರೆದುಕೊಂಡು ಹೋಗುವವರಿದ್ದರು. ಗ್ಯಾಸನ್ನು ಹಾಗೆ ಕ್ಯಾನಿಗೆ ಸುರಿದು ಒಯ್ಯಲು ಬರುವುದಿಲ್ಲ. ಆದ್ದರಿಂದ ಬೀರ್ ತೂಯಿಲಾದ ಬಹುಪಾಲು ಗಾಡಿಗಳು ಗ್ಯಾಸಿಗೆ ಬದಲಾಗಿದ್ದವು, ಮತ್ತು ಯಾರ ಪೆಟ್ರೋಲ್ ಟ್ಯಾಂಕಿನಲ್ಲೂ ಒಂದು ಲೋಟದಷ್ಟೂ ಇರುತ್ತಿರಲಿಲ್ಲ. ಖಾಲಿ ಇಡುವುದೇ ಜಾಣತನ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಇಪ್ಪತ್ತನಾಲ್ಕನೇ ಕಿಲೋಮೀಟರಿನ ಏರಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು.

ದರ್ರಾಜಿ ಮಾತು ನಿಲ್ಲಿಸಿದ. ಮತ್ತೆ ಕೆಮ್ಮಿತು, ಗಾಡಿ ಮುಗ್ಗರಿಸಿದಂತೆ ಹಿಂದಕ್ಕೆ ಮುಂದಕ್ಕೆ ಎಳೆಯಿತು. ಅವನು ಸ್ವಿಚ್ಚು ಒತ್ತಿದ, ಅಭ್ಯಾಸದಿಂದಲ್ಲ, ಗಾಬರಿಯಿಂದ. ಎಂಜಿನ್ ಪೂರ್ತಿ ನಿಂತಿತು. ಗಂಟೆ ಆರೂ ಮೂವತ್ತೆರಡು.

ದರ್ರಾಜಿ ಇಳಿದು ಬಾನೆಟ್ ಎತ್ತಿದ. ಉನೀಸಾ ಇಳಿದು ಬಂದಳು.

ಎಂಜಿನ್ನಿನ ಪಕ್ಕದಲ್ಲಿ, ಅಂಗೈ ಅಗಲದ ಲೋಹದ ಡಬ್ಬಿಯೊಂದು ಬಿಳಿಯಾಗಿತ್ತು. ಬೆರಳು ಇಟ್ಟಳು. ಮಂಜುಗಡ್ಡೆ. ಬೆಳಗಿನ ಆರೂವರೆಗೇ ಬಿಸಿಲು ಕತ್ತಿನ ಮೇಲೆ ಕುಕ್ಕುತ್ತಿತ್ತು, ಡಬ್ಬಿಯ ಸುತ್ತ ಮಾತ್ರ ಬೆರಳು ದಪ್ಪ ಹಿಮ.

"ಇದೇನಿದು?"

"ವೇಪರೈಸರ್," ಎಂದ ದರ್ರಾಜಿ. "ನನ್ನ ತಪ್ಪು."

ಟ್ಯಾಂಕಿನಲ್ಲಿ ಒತ್ತಡಕ್ಕೆ ಸಿಕ್ಕಿ ದ್ರವವಾಗಿರುವ ಗ್ಯಾಸು ಎಂಜಿನ್ನಿಗೆ ಹೋಗುವ ಮೊದಲು ಆ ಡಬ್ಬಿಯಲ್ಲಿ ಆವಿಯಾಗಬೇಕು. ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ಶಾಖ ಒದಗಿಸಲೆಂದೇ ಎಂಜಿನ್ನಿನ ಬಿಸಿನೀರು ಎರಡು ರಬ್ಬರ್ ಪೈಪುಗಳಲ್ಲಿ ಡಬ್ಬಿಗೆ ಹೋಗಿ ಬರುತ್ತದೆ. ಅದೇ ನೀರು ಮುಂದೆ ಗಾಡಿಯೊಳಗಿನ ಹೀಟರಿಗೂ ಹೋಗುತ್ತದೆ. ಮೇ ತಿಂಗಳಿಡೀ ಆ ಹೀಟರಿನ ತಿರುಪು ಸಿಕ್ಕಿಕೊಂಡು ಒಳಗೆ ಬಿಸಿಗಾಳಿ ಊದುತ್ತಿತ್ತು, ಪೈಪುಗಳೂ ಬಿರುಕು ಬಿಟ್ಟಿದ್ದವು. ಪರೀಕ್ಷೆಗೆ ಹೋಗುವ ಹೆಣ್ಣುಮಗಳು ಬೆವತು ಮುದ್ದೆಯಾಗಬಾರದೆಂದು ದರ್ರಾಜಿ ಹಿಂದಿನ ಸಂಜೆ ಎರಡೂ ಪೈಪು ಕಿತ್ತು, ಎಂಜಿನ್ನಿನ ಎರಡು ಬಾಯಿಗಳನ್ನು ಗೇಣುದ್ದದ ಪೈಪಿನ ತುಂಡಿನಿಂದ ಜೋಡಿಸಿಬಿಟ್ಟಿದ್ದ. ಊರ ಬೀದಿಯಲ್ಲಿ ಎರಡು ಸುತ್ತು ಹೊಡೆದು ನೋಡಿದ. ಗಾಡಿ ಚೆನ್ನಾಗೇ ಓಡಿತು. ಎರಡು ಸುತ್ತಿಗೆ ಖರ್ಚಾಗುವ ಗ್ಯಾಸನ್ನು ಆವಿ ಮಾಡಲು ಹೊರಗಿನ ಸೆಖೆಯೇ ಸಾಕಾಗಿತ್ತು. ವೇಗದಲ್ಲಿ, ಏರಿನಲ್ಲಿ ಅದು ಸಾಲಲಿಲ್ಲ.

"ಪೆಟ್ರೋಲಲ್ಲಿ ಹೋಗಿ ಹಂಗಾದ್ರೆ," ಎಂದಳು ಉನೀಸಾ, ಉತ್ತರ ಗೊತ್ತಿದ್ದೂ.

"ಇದ್ರೆ ಹೋಗ್ತಿದ್ದೆ."

"ಕಿತ್ತ ಪೈಪು?"

"ಅಂಗಳದಲ್ಲಿ. ಮೊಮ್ಮಕ್ಕಳು ಹಾವು ಅಂತ ಆಡ್ತಾ ಇದ್ವು."

ಗಮ್ರಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ದರ್ರಾಜಿ, ನನ್ನ ಸೊಸೆ ತಂಪಾಗಿರ್ಲಿ ಅಂತ ಗಾಡಿಗೇ ಚಳಿಜ್ವರ ತರಿಸಿದ್ಯೇನೋ?"

ಡಿಕ್ಕಿಯಲ್ಲಿ ಐದು ಲೀಟರ್ ಕುಡಿಯುವ ನೀರಿತ್ತು. ದರ್ರಾಜಿ ಅದನ್ನು ನಿಧಾನವಾಗಿ ಡಬ್ಬಿಯ ಮೇಲೆ ಸುರಿದ. ಹಿಮ ಬಿರುಕು ಬಿಟ್ಟು ಹಾಳೆ ಹಾಳೆಯಾಗಿ ಉದುರಿತು. ಆರೂ ನಲವತ್ತಕ್ಕೆ ಎಂಜಿನ್ ಹತ್ತಿತು. ಅವನು ಎರಡನೇ ಗೇರಿನಲ್ಲಿ, ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡಿಸಿದ. ನಾಲ್ಕು ಕಿಲೋಮೀಟರಿಗೆ ಮತ್ತೆ ನಿಂತಿತು.

ನೀರು ಮುಗಿದಿತ್ತು.

"ಕಾಫಿ," ಎಂದಳು ಉನೀಸಾ.

"ಮುಟ್ಟು ನೋಡೋಣ," ಎಂದಳು ಗಮ್ರಾ. ಆಮೇಲೆ ತಾನೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೊಟ್ಟಳು. "ಸಕ್ಕರೆ ಹಾಕಿದೀನಿ. ನಿನ್ನ ಎಂಜಿನ್ನಿಗೆ ಸಕ್ಕರೆ ಕಾಯಿಲೆ ಇಲ್ಲ ತಾನೇ?"

ಕಾಫಿ ಎರಡು ಕಿಲೋಮೀಟರ್ ಕೊಟ್ಟಿತು. ಮೂವತ್ತನೇ ಕಿಲೋಮೀಟರಿನಲ್ಲಿ, ಆರೂ ಐವತ್ತೈದಕ್ಕೆ, ಗಾಡಿ ಮೂರನೇ ಸಲ ನಿಂತಿತು. ಈ ಸಲ ಡಬ್ಬಿಯ ಮೇಲಿನ ಹಿಮ ಕಂದು ಬಣ್ಣದ್ದಾಗಿತ್ತು.

ಉನೀಸಾ ಲೆಕ್ಕ ಹಾಕಿದಳು. ಉಳಿದದ್ದು ಮೂವತ್ತೆಂಟು ಕಿಲೋಮೀಟರ್, ಅರವತ್ತೈದು ನಿಮಿಷ. ಹಿಮ ತಾನಾಗಿ ಕರಗಲು ಕಾಲು ಗಂಟೆಯಾದರೂ ಬೇಕು. ಕಾಲು ಗಂಟೆಗೆ ಮೂರು ಕಿಲೋಮೀಟರ್. ಬಸ್ಸು ಎಂಟೂಕಾಲಿಗೆ ಮೊದಲು ಪಟ್ಟಣ ಮುಟ್ಟುವುದಿಲ್ಲ. ಹೆದ್ದಾರಿ ಆರು ಕಿಲೋಮೀಟರ್ ದೂರ, ನಡೆದರೆ ಒಂದು ಗಂಟೆಗಿಂತ ಹೆಚ್ಚು. ಅಷ್ಟು ಹೊತ್ತಿಗೆ ಎರಡು ಗಾಡಿ ದಾಟಿ ಹೋದವು. ಒಂದರಲ್ಲಿ ಏಳು ಜನರಿದ್ದರು. ಇನ್ನೊಂದು ನಿಲ್ಲಿಸಲೇ ಇಲ್ಲ.

ಏಳು ಗಂಟೆ ಎರಡು ನಿಮಿಷಕ್ಕೆ ಬಯಲಿನ ಮಣ್ಣುಹಾದಿಯಿಂದ ಒಂದು ಪಿಕಪ್ ರಸ್ತೆಗೆ ಏರಿತು. ನಂಬರ್ ಪ್ಲೇಟ್ ಇರಲಿಲ್ಲ. ಹಿಂದೆ ಟಾರ್ಪಾಲಿನ ಕೆಳಗೆ ಕ್ಯಾನ್‌ಗಳ ಸಾಲು. ಇಂಥ ಗಾಡಿಗಳು ಯಾರಿಗೂ ನಿಲ್ಲುವುದಿಲ್ಲ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಉನೀಸಾ ರಸ್ತೆಯ ನಡುವೆ ಹೋಗಿ ನಿಂತಳು.

ಬ್ರೇಕಿನ ಸದ್ದು ದೂರದವರೆಗೂ ಕೇಳಿಸಿತು. ಪಿಕಪ್ಪು ಅವಳಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

"ಸಾಯೋದಕ್ಕೆ ನನ್ನ ಗಾಡಿನೇ ಬೇಕಿತ್ತೇನಕ್ಕಾ?" ಎಂದು ಕೂಗುತ್ತಾ ಇಳಿದವನು ಬೂಬಕರ್. ಅವರದೇ ಊರಿನವನು, ಮೂವತ್ತೈದರ ಆಸುಪಾಸು. ದರ್ರಾಜಿಯನ್ನು ಕಂಡು ಅವನ ಮುಖ ಬದಲಾಯಿತು. ಮಾರ್ಚ್‌ನಲ್ಲಿ ಪಂಪಿನ ಸಾಲಿನಲ್ಲಿ, ಹತ್ತು ಜನರ ಎದುರು, ದರ್ರಾಜಿ ಅವನನ್ನು ಕಳ್ಳ ಎಂದು ಕರೆದು ಕಾಲರ್ ಹಿಡಿದಿದ್ದ.

"ಓ, ಗ್ಯಾಸ್ ದೊರೆ! ಏನು, ಮುಗೀತಾ ಗ್ಯಾಸು?"

"ಮುಗಿದಿಲ್ಲ. ಹೆಪ್ಪುಗಟ್ಟಿದೆ."

"ಜೂನ್‌ನಲ್ಲಿ?" ಬೂಬಕರ್ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಮೂಸಿದ. "ಕಾಫಿ ವಾಸನೆ ಬರ್ತಿದೆ!"

"ನನ್ನ ಕಾಫಿ," ಎಂದಳು ಗಮ್ರಾ.

ಉನೀಸಾ ನೇರವಾಗಿ ವಿಷಯಕ್ಕೆ ಬಂದಳು. "ಬೂಬಕರ್, ಎಂಟಕ್ಕೆ ನನ್ನ ಬಾಕ್ ಪರೀಕ್ಷೆ ಗೇಟು ಮುಚ್ತಾರೆ. ಒಂದೆರಡು ಲೀಟರ್ ಪೆಟ್ರೋಲ್ ಕೊಡು ಸಾಕು."

"ಪೆಟ್ರೋಲ್ ಎಲ್ಲಿಂದ ತರ್ಲಿ ಅಕ್ಕ? ಇವತ್ತು ಇರೋದೆಲ್ಲ ಡೀಸೆಲ್. ಆ ಕಡೆ ಕೊಯ್ಲು ಶುರುವಾಗಿದೆ, ಟ್ರ್ಯಾಕ್ಟರಿನವರು ಬೇರೇದು ಕೇಳಲ್ಲ. ನನ್ನ ಗಾಡಿನೂ ಡೀಸೆಲ್ಲೇ."

"ಡೀಸೆಲ್ ಹಾಕಿದ್ರೆ?"

"ಉರಿಯಲ್ಲ ಮಗಳೇ," ಎಂದ ದರ್ರಾಜಿ. "ಇದು ಕಿಡಿಯಿಂದ ಹತ್ತೋ ಎಂಜಿನ್ನು. ಡೀಸೆಲ್ಲಿಗೆ ಕಿಡಿ ಸಾಲಲ್ಲ, ಜಾಸ್ತಿ ಒತ್ತಡ ಬೇಕು. ಹೊಗೆ ಬರತ್ತೆ ಅಷ್ಟೇ."

"ಹಾಗಾದ್ರೆ ನಿನ್ನ ಗಾಡೀಲಿ ನನ್ನ ಬಿಟ್ಟು ಬಾ."

ಬೂಬಕರ್ ತಲೆ ಅಲ್ಲಾಡಿಸಿದ. "ಹೆದ್ದಾರಿಗೆ ಸೇರೋ ಕಡೆ ಜಂದರ್ಮು ಪೊಲೀಸರ ತನಿಖೆ ಇದೆ. ಮೂವತ್ತು ಕ್ಯಾನ್ ಇಟ್ಕೊಂಡು ಅವರ ಮುಂದೆ ಹೋದ್ರೆ ನೀನು ಪರೀಕ್ಷೆ ಬರೆಯೋದು ಠಾಣೇಲಿ. ಇಳಿಸಿಟ್ಟು ಹೋಗೋಣ ಅಂದ್ರೆ ಏಳೂವರೆಗೆ ಹಳ್ಳದ ಹತ್ರ ಕ್ಯಾನ್ ಹೊತ್ತು ಗಡಿ ದಾಟೋ ಕತ್ತೆಗಳು ಬಂದಿರ್ತವೆ. ಅವು ನನಗೋಸ್ಕರ ಕಾಯಲ್ಲ."

ಅವನು ಹಿಂತಿರುಗಿ ಪಿಕಪ್ಪಿನ ಕಡೆ ನಡೆದ. ಟಾರ್ಪಾಲಿನ ಅಂಚು ಗಾಳಿಗೆ ಎತ್ತಿತ್ತು. ಕ್ಯಾನ್‌ಗಳ ಮೇಲೆ ಸುರುಳಿ ಸುತ್ತಿಟ್ಟ ಕಪ್ಪು ರಬ್ಬರ್ ಪೈಪು ಕಾಣಿಸಿತು, ಹೆಬ್ಬೆರಳು ದಪ್ಪದ್ದು, ಮೂರು ಮೀಟರ್ ಇದ್ದೀತು. ಕ್ಯಾನಿನಿಂದ ಕ್ಯಾನಿಗೆ ಇಳಿಸುವ ಪೈಪು. ಟ್ಯಾಂಕಿನಿಂದ ಕರೆಯುವುದೂ ಅದರಲ್ಲೇ.

ದರ್ರಾಜಿ ಅದನ್ನು ನೋಡಿದ. ಉನೀಸಾ ದರ್ರಾಜಿಯನ್ನು ನೋಡಿದಳು.

"ಅದಾಗತ್ತಾ ಚಿಕ್ಕಪ್ಪ?"

"ಆಗಬಹುದು."

"ಕೇಳಿ ಮತ್ತೆ."

ದರ್ರಾಜಿ ಕೇಳಲಿಲ್ಲ. ಬೂಬಕರ್ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ.

"ಏ ಬೂಬಕರ್," ಎಂದು ಕೂಗಿದಳು ಗಮ್ರಾ, "ನಿನ್ನ ಹೆರಿಗೆ ಮಾಡ್ಸಿದ್ದು ಯಾರು ಅಂತ ನಿಮ್ಮಮ್ಮನ್ನ ಕೇಳು!"

"ಅಜ್ಜಿ, ಈ ಊರಲ್ಲಿ ಎಲ್ಲರ ಹೆರಿಗೆನೂ ನೀನೇ ಮಾಡ್ಸಿದ್ದು. ಅದಕ್ಕೇ ಎಲ್ಲ ಹಿಂಗಾಗಿದೀವಿ."

"ಬೂಬಕರ್," ಎಂದ ದರ್ರಾಜಿ. "ನಿನ್ನ ಪೈಪು ಬೇಕು. ಒಂದೂವರೆ ಮೀಟರ್."

ಬೂಬಕರ್ ಕಾಲು ಕೆಳಗಿಳಿಸಿದ. "ಕೇಳಿಸ್ಲಿಲ್ಲ."

"ಕೇಳಿಸಿದೆ ನಿನಗೆ."

"ನನ್ನ ಕಾಲರ್ ಹಿಡಿದೋರಿಗೆ ಇವತ್ತು ನನ್ನ ಪೈಪು ಹಿಡಿಯೋ ಹಂಗಾಯ್ತಾ?" ಅವನು ನಗುತ್ತಿರಲಿಲ್ಲ. "ಅವತ್ತು ಹತ್ತು ಜನ ಇದ್ರು. ಇವತ್ತು ಇಬ್ಬರೇ ಇದಾರೆ. ಪರವಾಗಿಲ್ಲ. ಇನ್ನೊಂದ್ಸಲ ಹೇಳು."

"ನಿನ್ನ ಪೈಪು ಬೇಕು, ಬೂಬಕರ್. ಕೊಡು. ದಯವಿಟ್ಟು."

ಬೂಬಕರ್ ಗಡಿಯಾರ ನೋಡಿದ. ಪೈಪು ಎಳೆದು ತಂದು ಚಾಕುವಿನಿಂದ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ. "ಹದಿನೈದು ನಿಮಿಷ ನಿಮ್ಮ ಜೊತೆ ಇರ್ತೀನಿ. ಆಮೇಲೆ ದೇವರು ನೋಡ್ಕೊಳ್ಳಿ. ಅಕ್ಕ, ಯಾವ ವಿಭಾಗ ನಿಂದು?"

"ಸಾಹಿತ್ಯ ಮತ್ತು ತತ್ತ್ವಶಾಸ್ತ್ರ."

"ನಂದೂ ಅದೇ ಇತ್ತು. ತತ್ತ್ವಶಾಸ್ತ್ರದಲ್ಲಿ ಮೂರು ಸಲ ಹೋಯ್ತು. ಅದೊಂದು ಬಂದಿದ್ರೆ ಇವತ್ತು ಕತ್ತೆ ಹಿಂದೆ ಓಡ್ತಿರ್ಲಿಲ್ಲ."

"ಮೇಷ್ಟ್ರಾಗಿ ಮಕ್ಕಳ ಹಿಂದೆ ಓಡ್ತಿದ್ದೆ," ಎಂದಳು ಗಮ್ರಾ.

ಕೆಲಸ ಸುಲಭವಿರಲಿಲ್ಲ. ಎಂಜಿನ್ನಿನ ಬಾಯಿಯಿಂದ ಗೇಣುದ್ದದ ತುಂಡನ್ನು ಕಿತ್ತಾಗ ಕುದಿನೀರು ದರ್ರಾಜಿಯ ಮುಂಗೈ ಮೇಲೆ ಬಿತ್ತು. ಅವನು ಕೈ ಝಾಡಿಸಿ ಮುಂದುವರಿಸಿದ. ಬೂಬಕರನ ಪೈಪಿನ ಒಳಸುತ್ತು ಒಂದು ಕೂದಲಿನಷ್ಟು ದೊಡ್ಡದು. ಅದನ್ನು ಎರಡು ತುಂಡು ಮಾಡಿ ನಾಲ್ಕು ಕಡೆ ಬಿಗಿಯಬೇಕು, ಇದ್ದದ್ದು ಎರಡು ಕ್ಲಿಪ್ಪು. ಅವೆರಡನ್ನು ಎಂಜಿನ್ನಿನ ಕಡೆ ಹಾಕಿದರು. ಡಬ್ಬಿಯ ಕಡೆ ಎರಡು ತುದಿಗೆ ಬೂಬಕರ್ ಕ್ಯಾನ್ ಕಟ್ಟುವ ತಂತಿಯನ್ನು ಸುತ್ತಿ ಇಕ್ಕಳದಿಂದ ತಿರುಚಿದ. ಉನೀಸಾ ಪೈಪು ಹಿಡಿದುಕೊಂಡು ನಿಂತಿದ್ದಳು. ಡೀಸೆಲ್ ಮತ್ತು ಕಪ್ಪು ಮಡ್ಡಿ ಅವಳ ಬೆರಳಿಗೆಲ್ಲ ಹತ್ತಿತು. ಚೆಲ್ಲಿಹೋದ ನೀರನ್ನು ಮತ್ತೆ ತುಂಬಬೇಕಿತ್ತು. ಬೂಬಕರ್ ತನ್ನ ಕುಡಿಯುವ ನೀರಿನ ಎರಡು ಬಾಟಲಿ ರೇಡಿಯೇಟರಿಗೆ ಸುರಿದ.

ಏಳೂ ಹದಿನೇಳಕ್ಕೆ ಎಂಜಿನ್ ಹತ್ತಿತು. ಎಲ್ಲರೂ ಡಬ್ಬಿಯನ್ನೇ ನೋಡುತ್ತಿದ್ದರು. ಹಿಮದ ಅಂಚು ಮೊದಲು ಹೊಳೆಯಿತು, ಆಮೇಲೆ ಜಾರಿತು, ಆಮೇಲೆ ಹನಿಯಾಯಿತು.

ತಂತಿ ಕಟ್ಟಿದ ಕಡೆಯೂ ಒಂದು ಹನಿ ಮೂಡಿತು. ಬಿದ್ದಿತು. ಇನ್ನೊಂದು ಮೂಡಿತು.

"ಸೋರ್ತಿದೆ," ಎಂದಳು ಉನೀಸಾ.

"ಸೋರ್ಲಿ," ಎಂದ ದರ್ರಾಜಿ. "ಹತ್ತು."

ಬೂಬಕರ್ ಆಗಲೇ ಮಣ್ಣುಹಾದಿಗೆ ಇಳಿದಿದ್ದ.

ಏಳೂ ಇಪ್ಪತ್ತಮೂರಕ್ಕೆ ಅವರು ಹೆದ್ದಾರಿ ಸೇರುವ ಜಾಗ ತಲುಪಿದರು. ಜಂದರ್ಮುಗಳ ತನಿಖೆಗೆ ಆರು ಗಾಡಿಗಳ ಸಾಲು. ಎಂಜಿನ್ ಆರಿಸುವಂತಿಲ್ಲ, ಆರಿಸದೆ ನಿಂತರೆ ಬಿಸಿ ಏರುತ್ತದೆ. ಒಂದೊಂದೇ ಗಾಡಿ ಮುಂದೆ ಸರಿಯಿತು. ಇವರ ಸರದಿ ಬಂದಾಗ ಕಿಟಕಿಗೆ ಬಗ್ಗಿದ ಯುವ ಜಂದರ್ಮ್ ಮೂಗು ಅರಳಿಸಿದ.

"ಗ್ಯಾಸ್ ಗಾಡಿ. ಡೀಸೆಲ್ ವಾಸನೆ ಯಾಕೆ?"

ದರ್ರಾಜಿ ಸುಟ್ಟ ಮುಂಗೈಯನ್ನು ಸ್ಟಿಯರಿಂಗಿನ ಕೆಳಗೆ ಇಳಿಸಿದ.

"ಡಿಕ್ಕಿ ತೆಗೀರಿ," ಎಂದ ಜಂದರ್ಮ್.

"ನನ್ನ ಮಂಡಿದು ಕಣಪ್ಪ ವಾಸನೆ," ಎಂದಳು ಗಮ್ರಾ. ಅವಳು ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. "ಮಂಡಿನೋವಿಗೆ ಡೀಸೆಲ್ ಹಚ್ಕೋತೀನಿ. ಡಾಕ್ಟರ ಮಾತ್ರೆಗಿಂತ ವಾಸಿ. ಬೇಕಾದ್ರೆ ನೋಡು, ತೋರಿಸ್ಲಾ?"

"ಬೇಡ ಅಜ್ಜಿ, ಬೇಡ."

"ನಿಮ್ಮಜ್ಜಿಗೆ ಮಂಡಿನೋವು ಇಲ್ವಾ? ಹೇಳು ಅವಳಿಗೆ. ಬೆಚ್ಚಗೆ ಮಾಡಿ ಹಚ್ಚಬೇಕು, ಬೆಂಕಿಯಿಂದ ದೂರ ಕೂತ್ಕೋಬೇಕು."

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಉನೀಸಾ ಪ್ರವೇಶಪತ್ರವನ್ನು ಮುಂದೆ ಹಿಡಿದಿದ್ದಳು. ಜಂದರ್ಮ್ ಅದನ್ನು ನೋಡಿದ, ತನ್ನ ಗಡಿಯಾರ ನೋಡಿದ, ಕೈ ಬೀಸಿದ. ಏಳೂ ಇಪ್ಪತ್ತೊಂಬತ್ತು. ಮೂವತ್ತೆರಡು ಕಿಲೋಮೀಟರ್ ಉಳಿದಿತ್ತು.

ಹೆದ್ದಾರಿಯಲ್ಲಿ ದರ್ರಾಜಿ ಎಪ್ಪತ್ತೈದರಲ್ಲಿ ಹೋದ. ಆ ಗಾಡಿ ಅಷ್ಟು ವೇಗ ಕಂಡು ವರ್ಷಗಳಾಗಿದ್ದವು. ಕಿಟಕಿಯ ಗಾಜುಗಳು ಗಡಗಡಿಸಿದವು. ಗಮ್ರಾ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು, ನಡುವೆ ಒಮ್ಮೆ ಕಣ್ಣು ತೆರೆಯದೆಯೇ "ಮೊಟ್ಟೆ ತಿನ್ನು" ಎಂದಳು.

ಏಳೂ ನಲವತ್ತಮೂರಕ್ಕೆ ಉಷ್ಣತೆಯ ಮುಳ್ಳು ಅಲುಗಿತು.

ಉನೀಸಾ ಅದನ್ನು ನೋಡಿದಳು. ಮುಳ್ಳು ಮಧ್ಯದಿಂದ ಹೊರಟು ನಿಧಾನವಾಗಿ, ನಿಲ್ಲದೆ, ಬಲಕ್ಕೆ ಹೋಗುತ್ತಿತ್ತು. ತಂತಿ ಕಟ್ಟಿದ ಕಡೆಯಿಂದ ನೀರು ಹೋಗುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ನೀರು ಹೋದ ಎಂಜಿನ್ನು ಕಾಯುತ್ತದೆ, ಕಾದು ಕಾದು ಒಳಗಿನ ಲೋಹ ಬಾಗುತ್ತದೆ. ಹಾಗೆ ಬಾಗಿದ ಎಂಜಿನ್ನು ರಿಪೇರಿಯಾಗದೆ ಗಾಡಿ ಮಾರಿದವರು ಊರಿನಲ್ಲಿ ಇಬ್ಬರಿದ್ದರು. ದರ್ರಾಜಿಗೆ ಬೇರೆ ಗಾಡಿಯಿಲ್ಲ, ಬೇರೆ ಕೆಲಸವಿಲ್ಲ. ಈಗ ನಿಲ್ಲಿಸಿದರೆ ಎಂಜಿನ್ನು ಉಳಿಯುತ್ತದೆ.

ಮುಳ್ಳು ಕೆಂಪು ಗೆರೆ ಮುಟ್ಟಿತು. ಏಳೂ ನಲವತ್ತೇಳು. ಹತ್ತು ಕಿಲೋಮೀಟರ್.

ದರ್ರಾಜಿಗೂ ಕಾಣಿಸಿತ್ತು. ಅವನು ಅವಳ ಕಡೆ ತಿರುಗದೆ ಹೇಳಿದ, "ಪುಸ್ತಕ ತೆಗಿ ಮಗಳೇ. ನೀನು ಅದನ್ನ ನೋಡು. ಮುಳ್ಳು ನೋಡೋದು ನನ್ನ ಕೆಲಸ."

ಅವಳು ಟಿಪ್ಪಣಿ ಪುಸ್ತಕ ತೆರೆದಳು. ಒಂದಕ್ಷರವೂ ಕಣ್ಣಿಗೆ ಹತ್ತಲಿಲ್ಲ. ನಿಲ್ಲಿಸಿ ಚಿಕ್ಕಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹದಿನಾಲ್ಕು ವರ್ಷ ಊರಿನವರ ಗಾಯ ತೊಳೆದವಳಿಗೆ ಅದು ಕಷ್ಟದ ಮಾತಲ್ಲ. ಒಂದು ಕಿಲೋಮೀಟರ್ ಕಲ್ಲು ದಾಟಿತು. ಇನ್ನೊಂದು ದಾಟಿತು. ಅವಳು ಹೇಳಲಿಲ್ಲ. ಹೇಳಬಾರದು ಎಂದು ತೀರ್ಮಾನಿಸಿಯೇ ಹೇಳಲಿಲ್ಲ. ಪುಸ್ತಕವನ್ನು ಮುಚ್ಚಿ, ಪ್ರವೇಶಪತ್ರ ಮತ್ತು ಗುರುತಿನ ಚೀಟಿ ಕೈಯಲ್ಲಿ ಹಿಡಿದು, ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡಳು.

ಪಟ್ಟಣದ ಅಂಚಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಬರತೊಡಗಿತು. ಏಳೂ ಐವತ್ತೈದಕ್ಕೆ, ದೊಡ್ಡ ವೃತ್ತ ದಾಟಿದ ಮೇಲೆ, ಎಂಜಿನ್ನಿನೊಳಗಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಕೇಳಿಸಿತು. ಒಂದು ಕಡೆ ಎಂಜಿನ್ನು ಕುದಿಯುತ್ತಿತ್ತು, ಇನ್ನೊಂದು ಕಡೆ ಬಿಸಿನೀರು ಕಾಣದ ಡಬ್ಬಿಯ ಮೇಲೆ ಮತ್ತೆ ಹಿಮ ಕಟ್ಟುತ್ತಿತ್ತು. ಗಾಡಿ ಎರಡು ಸಲ ಮುಗ್ಗರಿಸಿ ರಸ್ತೆಯ ಅಂಚಿನಲ್ಲಿ ನಿಂತಿತು. ಪರೀಕ್ಷೆ ನಡೆಯುವ ಶಾಲೆಯ ಗೋಡೆ ಕಾಣುತ್ತ ಇತ್ತು. ನಾನೂರು ಮೀಟರ್ ಇರಬಹುದು.

"ಓಡು!" ಎಂದಳು ಗಮ್ರಾ.

ಉನೀಸಾ ಓಡಿದಳು. ಮದುವೆಯಾದ ಮೇಲೆ ಅವಳು ಬೀದಿಯಲ್ಲಿ ಓಡಿರಲಿಲ್ಲ. ತಲೆವಸ್ತ್ರ ಜಾರಿತು, ಒಂದು ಕೈಯಲ್ಲಿ ಹಿಡಿದುಕೊಂಡಳು. ಅಂಗಡಿ ಬಾಗಿಲು ತೆಗೆಯುತ್ತಿದ್ದವರು ತಿರುಗಿ ನೋಡಿದರು. ಗೇಟಿನ ಮುಂದೆ ತಾಯಂದಿರ ಗುಂಪು ನಿಂತಿತ್ತು. ಒಂದು ಬಾಗಿಲು ಆಗಲೇ ಮುಚ್ಚಿತ್ತು. ಇನ್ನೊಂದಕ್ಕೆ ಕಾವಲುಗಾರ ಕೈ ಹಾಕಿದ್ದ.

"ತಾಯಂದಿರೆಲ್ಲ ಆ ಕಡೆ ನಿಲ್ಲಿ," ಎಂದ ಅವನು ಅವಳನ್ನು ತಡೆದು. "ಏನು ಮರೆತು ಬಂದಿದಾಳೆ ನಿಮ್ಮ ಮಗಳು? ಪೆನ್ನಾ? ಒಳಗೆ ಕೊಡ್ತಾರೆ."

ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಮಾತಾಡಲು ಆಗದೆ ಪ್ರವೇಶಪತ್ರವನ್ನು ಅವನ ಎದೆಗೆ ಒತ್ತಿದಳು.

"ಹೇಳಿದ್ನಲ್ಲಮ್ಮ, ಬಿಡಲ್ಲ. ಗಂಟೆ ಆಗ್ತಾ ಬಂತು."

"ನಾನು," ಎಂದಳು. "ನಂದು. ನಾನೇ ಬರೆಯೋದು."

ಕಾವಲುಗಾರ ಪತ್ರದ ಮೇಲಿನ ಫೋಟೋ ನೋಡಿದ. ಅವಳ ಮುಖ ನೋಡಿದ. ಒಳಗೆ ಗಂಟೆ ಹೊಡೆಯಿತು. ಅವನು ಬಾಗಿಲನ್ನು ಒಂದು ಆಳಿನಷ್ಟು ತೆರೆದು ಹಿಡಿದ. ಅವಳು ಒಳಗಾದ ಮೇಲೆ ಚಿಲಕ ಹಾಕಿದ. ಅವಳ ಹಿಂದೆಯೇ ಓಡಿಬರುತ್ತಿದ್ದ ಇನ್ನೊಬ್ಬ ಹುಡುಗಿ ಕಂಬಿಗಳನ್ನು ಹಿಡಿದು ಅಳುವುದು ಕೇಳಿಸಿತು. ಉನೀಸಾ ತಿರುಗಿ ನೋಡಲಿಲ್ಲ.

ಎರಡನೇ ಮಹಡಿ, ಒಂಬತ್ತನೇ ಕೊಠಡಿ, ಗೋಡೆಯ ಪಕ್ಕದ ಬೆಂಚು. ಸುತ್ತ ಹತ್ತೊಂಬತ್ತರ ವಯಸ್ಸಿನ ಹುಡುಗರು, ಗಡ್ಡ ನೆರೆತ ಒಬ್ಬ ಸಿಪಾಯಿ. ಎಂಟೂಕಾಲಿಗೆ ಉತ್ತರ ಪತ್ರಿಕೆ ಹಂಚಿದರು. ಹೆಸರು ಬರೆಯಲು ಕೈಯಿಟ್ಟ ಕೂಡಲೇ ಹಾಳೆಯ ಮೇಲೆ ನಾಲ್ಕು ಬೆರಳಿನ ಕಪ್ಪು ಗುರುತು ಮೂಡಿತು.

ಮೇಲ್ವಿಚಾರಕಿ ಬಂದು ನಿಂತರು. "ಗುರುತು ಬಿದ್ದ ಹಾಳೆ ನಡೆಯಲ್ಲ. ಯಾರ ಪತ್ರಿಕೆ ಅಂತ ತಿಳಿಯೋ ಹಾಗೆ ಏನೂ ಇರಬಾರದು. ಇದೇನಿದು ಕೈಗೆ?"

"ಡೀಸೆಲ್."

"ಡೀಸೆಲ್ಲಾ?" ಮೇಲ್ವಿಚಾರಕಿ ಅವಳನ್ನು ದಿಟ್ಟಿಸಿದರು. ಹಾಳೆಯನ್ನು ತೆಗೆದುಕೊಂಡರು. "ಹೋಗಿ ತೊಳ್ಕೊಂಡು ಬನ್ನಿ. ಎಂಟೂವರೆಗೆ ಪ್ರಶ್ನೆಪತ್ರಿಕೆ ತೆಗೀತೀವಿ."

ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಸೋಪು ಇರಲಿಲ್ಲ. ಕಿಟಕಿಯಿಂದ ಬೀದಿ ಕಾಣುತ್ತಿತ್ತು. ದೂರದಲ್ಲಿ, ಬಾನೆಟ್ ಎತ್ತಿದ ಟ್ಯಾಕ್ಸಿ. ಗಮ್ರಾ ಪಾದಚಾರಿ ಹಾದಿಯ ಅಂಚಿನಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದಳು. ದರ್ರಾಜಿ ಗಾಡಿಯೊಳಗೆ ಬಗ್ಗಿರಲಿಲ್ಲ, ನೋಡುವುದೇನೂ ಉಳಿದಿಲ್ಲ ಎಂಬಂತೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಗಮ್ರಾ ಮೊಟ್ಟೆಯನ್ನು ಅವನತ್ತ ಚಾಚಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ತೆಗೆದುಕೊಂಡ.

ಉನೀಸಾ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು, ಆ ಪುಡಿಯಿಂದ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಚರ್ಮ ಕೆಂಪಾಯಿತು. ಕಪ್ಪು ಹೋಗುವವರೆಗೂ ಉಜ್ಜಿದಳು.

ಎಂಟೂ ಇಪ್ಪತ್ತಾರಕ್ಕೆ ಬಂದು ಬೆಂಚಿನಲ್ಲಿ ಕೂತಳು. ಮೇಲ್ವಿಚಾರಕಿ ಎರಡೂ ಕೈ ತಿರುಗಿಸಿ ನೋಡಿ ಹೊಸ ಹಾಳೆ ಕೊಟ್ಟರು. ಪ್ರಶ್ನೆಪತ್ರಿಕೆ ಬಂದಾಗ ಅವಳು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು. ಮೂರನೇ ಪ್ರಶ್ನೆ ಗೊತ್ತಿರಲಿಲ್ಲ. ಉಳಿದವು ಗೊತ್ತಿದ್ದವು. ಗೊತ್ತಿಲ್ಲದ್ದನ್ನೇ ಮೊದಲು ಎತ್ತಿಕೊಂಡಳು.